ಹೆಳವರ ಹೊತ್ತಿಗೆಯಲ್ಲಿಲ್ಲದ ವಂಶಾವಳಿ

ಸುಗ್ಗಿ ಮುಗಿದು ರಾಶಿ ಮನೆ ಸೇರುವ ಹೊತ್ತಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಹಳ್ಳಿಗಳಿಗೆ ಹೆಳವರು ಬರುವುದು ಹಳೆಯ ರೂಢಿ. ಮನೆಯ ಪಡಸಾಲೆಯಲ್ಲಿ ಕುಳಿತು, ಹೊತ್ತಿಗೆ ಬಿಚ್ಚಿ, ಆ ಮನೆತನದ ಮೂಲ ಪುರುಷನಿಂದ ಹಿಡಿದು ನಿನ್ನೆ ಮೊನ್ನೆ ಹುಟ್ಟಿದ ಕೂಸಿನವರೆಗೆ ಅವರು ಹೆಸರು ಹೇಳುತ್ತಾರೆ. ಯಾರಿಗೆ ಎಷ್ಟು ಮಕ್ಕಳು, ಯಾವ ತಮ್ಮ ಬರಗಾಲದಲ್ಲಿ ಊರು ಬಿಟ್ಟ, ಯಾವ ಕವಲು ಎಲ್ಲಿ ಹೋಗಿ ಬೇರೂರಿತು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಒಂದೇ ಊರಿನಲ್ಲಿ ಬೇರೆ ಬೇರೆ ಅಡ್ಡಹೆಸರಿನಿಂದ ಬಾಳುವ ಎರಡು ಮನೆಗಳು ಐದಾರು ತಲೆಮಾರಿನ ಹಿಂದೆ ಒಂದೇ ಒಲೆಯ ಅನ್ನ ಉಂಡಿದ್ದವು ಎಂದು ಹೆಳವರ ಬಾಯಿಂದ ಕೇಳಿ ಅಚ್ಚರಿಪಟ್ಟವರು ಅನೇಕರು.

ಹೀಗೆ ವಂಶಾವಳಿಯ ವಾಚನ ನಡೆದಿರುವಾಗ ಎದುರಿನ ಹನುಮಪ್ಪನ ಗುಡಿಯ ಮೇಲೆ ಒಂದು ಮಂಗಗಳ ಹಿಂಡು ಕುಳಿತು ಶೇಂಗಾ ಬಿಡಿಸುತ್ತಿದ್ದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಅವೂ ಇದೇ ವಂಶವೃಕ್ಷದ ಒಂದು ಕವಲು. ಆ ಕವಲು ಎಲ್ಲಿ ಒಡೆಯಿತು, ಯಾವಾಗ ಒಡೆಯಿತು ಎಂದು ಹೇಳುವ ಹೊತ್ತಿಗೆ ಹೆಳವರ ಬಳಿ ಇಲ್ಲ. ಅದನ್ನು ಓದುವವರು ಜೀವವಿಜ್ಞಾನಿಗಳು. ಅವರ ಹೊತ್ತಿಗೆಯ ಪುಟಗಳು ಹಲ್ಲು, ಎಲುಬು, ಕಲ್ಲಾಗಿ ಹೋದ ದವಡೆ ಮತ್ತು ರಕ್ತದೊಳಗಿನ ವಂಶವಾಹಿಗಳು.

ಅಜ್ಜನಲ್ಲ, ದಾಯಾದಿ

'ಮಂಗನಿಂದ ಮಾನವ' ಎಂಬ ಮಾತು ಶಾಲೆಯ ಗೋಡೆಯ ಚಿತ್ರಗಳಿಂದ ಹಿಡಿದು ಚಹದಂಗಡಿಯ ಚರ್ಚೆಯವರೆಗೆ ಬಳಕೆಯಲ್ಲಿದೆ. ಅದರ ಬೆನ್ನಿಗೇ 'ಹಾಗಿದ್ದರೆ ಈಗಿನ ಮಂಗಗಳೇಕೆ ಮನುಷ್ಯರಾಗುತ್ತಿಲ್ಲ?' ಎಂಬ ಪ್ರಶ್ನೆಯೂ ಬರುತ್ತದೆ. ಪ್ರಶ್ನೆ ಸರಿಯಾದದ್ದೇ, ತಪ್ಪು ಇರುವುದು ಮೊದಲ ಮಾತಿನಲ್ಲಿ. ಗುಡಿಯ ಮೇಲೆ ಕುಳಿತ ಮಂಗ ಮನುಷ್ಯನ ಅಜ್ಜನಲ್ಲ, ದಾಯಾದಿ. ಕಾಕಾನ ಮಗ ಎಂದಾದರೂ ಅಣ್ಣನಾಗಿ ಬದಲಾಗುತ್ತಾನೆಯೇ? ಇಬ್ಬರಿಗೂ ಅಜ್ಜ ಒಬ್ಬನೇ, ಅಷ್ಟೆ. ಮನುಷ್ಯ ಮತ್ತು ಮಂಗ ಇಬ್ಬರಿಗೂ ಸಮಾನನಾದ ಆ ಮೂಲ ಪೂರ್ವಜ ಬದುಕಿದ್ದು ಸುಮಾರು ಎರಡೂವರೆಯಿಂದ ಮೂರು ಕೋಟಿ ವರ್ಷಗಳ ಹಿಂದೆ. ಅದು ಇಂದಿನ ಮಂಗವೂ ಆಗಿರಲಿಲ್ಲ, ಮನುಷ್ಯನೂ ಆಗಿರಲಿಲ್ಲ.

ಈ ಇಡೀ ಬಳಗಕ್ಕೆ 'ಪ್ರೈಮೇಟ್' ಎಂಬ ಹೆಸರು ಕೊಟ್ಟವನು ಸ್ವೀಡನ್ನಿನ ಕಾರ್ಲ್ ಲಿನೇಯಸ್. 1758ರಲ್ಲಿ ಪ್ರಕಟವಾದ ತನ್ನ 'ಸಿಸ್ಟೆಮಾ ನ್ಯಾಚುರೆ' ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಆತ ಮನುಷ್ಯ, ಮಂಗ, ಲೀಮರ್‌ಗಳನ್ನು ಒಂದೇ ಗಣಕ್ಕೆ ಸೇರಿಸಿದ. ಡಾರ್ವಿನ್ ಹುಟ್ಟುವುದಕ್ಕೆ ಇನ್ನೂ 51 ವರ್ಷ ಬಾಕಿ ಇತ್ತು. ವಿಕಾಸವಾದದ ಸುಳಿವೂ ಇಲ್ಲದ ಕಾಲದಲ್ಲಿ, ಕೇವಲ ಅಂಗರಚನೆಯನ್ನು ನೋಡಿಯೇ ಲಿನೇಯಸ್ ಈ ತೀರ್ಮಾನಕ್ಕೆ ಬಂದಿದ್ದ. ಬಾವಲಿಗಳನ್ನೂ ಅದೇ ಗಣಕ್ಕೆ ಸೇರಿಸಿದ್ದು ಅವನ ತಪ್ಪು. ನಂತರದವರು ಅದನ್ನು ತಿದ್ದಿದರು.

ಇಂದು ಈ ಗಣದಲ್ಲಿ 500ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ. ಹಿಡಿಯಬಲ್ಲ ಕೈ, ಬಹುಪಾಲು ಬೆರಳುಗಳಲ್ಲಿ ಪಂಜದ ಬದಲು ಚಪ್ಪಟೆ ಉಗುರು, ಮುಂದಕ್ಕೆ ನೋಡುವ ಎರಡು ಕಣ್ಣು, ದೇಹದ ಗಾತ್ರಕ್ಕೆ ಹೋಲಿಸಿದರೆ ದೊಡ್ಡ ಮಿದುಳು, ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮರಿ, ಅದರ ದೀರ್ಘಕಾಲದ ಪಾಲನೆ—ಇವು ಈ ಬಳಗದ ಗುರುತುಗಳು. ಕೊಂಬೆಯಿಂದ ಕೊಂಬೆಗೆ ಹಾರುವವನಿಗೆ ದೂರದ ಅಂದಾಜು ತಪ್ಪಿದರೆ ಪ್ರಾಣವೇ ಹೋಗುತ್ತದೆ. ಎರಡು ಕಣ್ಣುಗಳ ನೋಟ ಒಂದರ ಮೇಲೊಂದು ಕೂಡಿದಾಗ ಆ ಅಂದಾಜು ಸಿಗುತ್ತದೆ. ಸೂಜಿಗೆ ದಾರ ಪೋಣಿಸುವ ಮನುಷ್ಯ ಬಳಸುವುದು ಇದೇ ಹಳೆಯ ಪಿತ್ರಾರ್ಜಿತ ಆಸ್ತಿಯನ್ನು.

ಮೊದಲ ಪಾಲು: ಒದ್ದೆ ಮೂಗು, ಒಣ ಮೂಗು

ಮನೆತನ ಬೆಳೆದಂತೆ ಪಾಲಾಗುವುದು ಸಹಜ. ಪ್ರೈಮೇಟ್ ಕುಟುಂಬದ ಮೊದಲ ದೊಡ್ಡ ಪಾಲು ಆದದ್ದು ಮೂಗಿನ ಲೆಕ್ಕದಲ್ಲಿ. ನಾಯಿಯಂತೆ ತೇವ ಮೂಗು ಉಳಿಸಿಕೊಂಡವು ಒಂದು ಕಡೆ; ಒಣ ಮೂಗಿನವು ಇನ್ನೊಂದು ಕಡೆ. ಮಡಗಾಸ್ಕರದ ಲೀಮರ್‌ಗಳು ಮೊದಲ ಗುಂಪಿಗೆ ಸೇರುತ್ತವೆ. ಕರ್ನಾಟಕದ ಕಾಡುಪಾಪವೂ ಅದೇ ಗುಂಪಿನದು. ತುಮಕೂರು ಸೀಮೆಯ ಕುರುಚಲು ಕಾಡು, ತೋಟಗಳಲ್ಲಿ ರಾತ್ರಿ ಹೊತ್ತು ದೊಡ್ಡ ದುಂಡನೆಯ ಕಣ್ಣು ಬಿಟ್ಟುಕೊಂಡು ಹುಳು ಹುಡುಕುವ ಈ ಬಡಕಲು ಪ್ರಾಣಿಯನ್ನು ಅಪಶಕುನವೆಂದು ಕೊಲ್ಲುವುದೂ, ಮಾಟ ಮಂತ್ರಕ್ಕೆ ಹಿಡಿಯುವುದೂ ಉಂಟು. ಅದು ಮನುಷ್ಯನ ಅತಿ ದೂರದ ರಕ್ತ ಸಂಬಂಧಿ ಎಂಬುದು ಕೊಲ್ಲುವವರಿಗೆ ಗೊತ್ತಿರುವುದಿಲ್ಲ.

ಒಣ ಮೂಗಿನ ಗುಂಪಿಗೆ ಟಾರ್ಸಿಯರ್‌ಗಳು, ಎಲ್ಲ ಮಂಗಗಳು, ಬಾಲವಿಲ್ಲದ ವಾನರಗಳು ಮತ್ತು ಮನುಷ್ಯ ಸೇರುತ್ತಾರೆ. ಈ ಗುಂಪಿಗೊಂದು ವಿಚಿತ್ರ ಕೊರತೆಯಿದೆ. ಬಹುತೇಕ ಸಸ್ತನಿಗಳು ತಮಗೆ ಬೇಕಾದ 'ಸಿ' ಜೀವಸತ್ವವನ್ನು ದೇಹದಲ್ಲಿಯೇ ತಯಾರಿಸಿಕೊಳ್ಳುತ್ತವೆ. ಕಾಡುಪಾಪಕ್ಕೂ ಆ ಶಕ್ತಿಯಿದೆ. ಒಣ ಮೂಗಿನವರ ಪೂರ್ವಜನಲ್ಲಿ ಅದಕ್ಕೆ ಬೇಕಾದ ಒಂದು ವಂಶವಾಹಿ ಕೆಟ್ಟುಹೋಯಿತು. ಹಣ್ಣು, ಚಿಗುರು ಯಥೇಚ್ಛವಾಗಿ ತಿನ್ನುತ್ತಿದ್ದ ಆ ಪ್ರಾಣಿಗೆ ಅದರಿಂದ ಬಾಧಕವಾಗಲಿಲ್ಲ. ಕೆಟ್ಟ ವಂಶವಾಹಿ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂತು. ಇಂದು ಇಂಡಿಯ ಹೆಸರುವಾಸಿ ಲಿಂಬೆಹಣ್ಣು ಮನುಷ್ಯನ ಆರೋಗ್ಯಕ್ಕೆ ಒಳ್ಳೆಯದು ಎನ್ನುವಾಗ, ಆ ಮಾತಿನ ಹಿಂದೆ ಆರು ಕೋಟಿ ವರ್ಷಗಳಷ್ಟು ಹಳೆಯ ಈ ನಷ್ಟದ ಕತೆಯಿದೆ.

ಮುಂದಿನ ಪಾಲು ಸುಮಾರು ನಾಲ್ಕು ಕೋಟಿ ವರ್ಷಗಳ ಹಿಂದಿನದು. ಒಂದು ಕವಲು ದಕ್ಷಿಣ ಅಮೆರಿಕ ಸೇರಿತು. ಅಗಲ ಮೂಗು ಅದರ ಗುರುತು. ಅವುಗಳಲ್ಲಿ ಕೆಲವು ಬಾಲದಿಂದಲೇ ಕೊಂಬೆ ಹಿಡಿದು ಜೋತಾಡಬಲ್ಲವು. ಆಫ್ರಿಕ, ಏಷ್ಯಗಳಲ್ಲಿ ಉಳಿದ ಕವಲಿನವರ ಮೂಗಿನ ಹೊಳ್ಳೆಗಳು ಕಿರಿದು, ಕೆಳಮುಖ. ಹಲ್ಲು 32. ಮಂಗನ ಬಾಯಿ ತೆರೆದು ಎಣಿಸಿದರೂ 32, ಮನುಷ್ಯನ ಬಾಯಲ್ಲಿ ಎಣಿಸಿದರೂ 32. ಇದರಿಂದ ಬರುವ ತೀರ್ಮಾನ ಸೋಜಿಗದ್ದು. ಬಾಗೇವಾಡಿಯ ಬೀದಿಯಲ್ಲಿ ಓಡಾಡುವ ಮಂಗಕ್ಕೆ ಬ್ರೆಜಿಲ್ ಕಾಡಿನ ಮಂಗಕ್ಕಿಂತ ಬಾಗೇವಾಡಿಯ ಮನುಷ್ಯನೇ ಹತ್ತಿರದ ಸಂಬಂಧಿ!

ಒಂದೇ ಮಾಳಿಗೆ, ಎರಡು ಮನೆತನ

ಉತ್ತರ ಕರ್ನಾಟಕದ ಜನ ಮಂಗ ಬೇರೆ, ಮುಸುವ ಬೇರೆ ಎಂದು ಸ್ಪಷ್ಟವಾಗಿ ಗುರುತಿಸುತ್ತಾರೆ. ಕೆಂಪು ಮೋರೆಯ, ಕಂದು ಮೈಯ, ತಲೆಯ ಮೇಲೆ ಟೊಪ್ಪಿಗೆ ಇಟ್ಟಂತೆ ಕೂದಲ ಸುಳಿ ಇರುವುದು ಮಂಗ. ಕರಿ ಮೋರೆಯ, ಬೂದು ಮೈಯ, ಉದ್ದ ಕಾಲಿನದು ಮುಸುವ. ವಿಜ್ಞಾನವೂ ಈ ವಿಂಗಡಣೆಯನ್ನು ಒಪ್ಪುತ್ತದೆ. ಅಷ್ಟೇ ಅಲ್ಲ, ಇವೆರಡರ ನಡುವಿನ ಅಂತರ ಜನ ತಿಳಿದದ್ದಕ್ಕಿಂತ ಬಹಳ ದೊಡ್ಡದು ಎನ್ನುತ್ತದೆ. ಒಂದೂವರೆ ಕೋಟಿ ವರ್ಷಗಳಿಗೂ ಹಿಂದೆಯೇ ಈ ಎರಡು ಮನೆತನಗಳು ಬೇರೆಯಾಗಿವೆ. ಮಂಗದ ಹತ್ತಿರದ ನೆಂಟರಲ್ಲಿ ಆಫ್ರಿಕದ ಬಬೂನ್ ಒಂದು. ಮುಸುವದ ನೆಂಟರು ಆಫ್ರಿಕದ ಕೊಲೊಬಸ್‌ಗಳು.

ವ್ಯತ್ಯಾಸ ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ. ಅವು ತಿನ್ನುವುದನ್ನು ದೂರದಿಂದ ನೋಡಿದರೆ ಸಾಕು. ಕೈಗೆ ಸಿಕ್ಕಿದ್ದನ್ನು ಮಂಗ ಗಬಗಬನೆ ಬಾಯಿಗೆ ತುಂಬುತ್ತದೆ. ಎರಡೂ ಕೆನ್ನೆಗಳಲ್ಲಿ ಅದಕ್ಕೆ ಚೀಲಗಳಿವೆ. ಕದ್ದ ಕಾಳನ್ನು ಅಲ್ಲಿ ತುಂಬಿಕೊಂಡು ಓಡಿಹೋಗಿ, ನಿರಾಳವಾಗಿ ಕುಳಿತು ಅಗಿಯುವುದು ಅದರ ಕ್ರಮ. ಮುಸುವಕ್ಕೆ ಕೆನ್ನೆಚೀಲ ಇಲ್ಲ. ಬದಲಿಗೆ ಅದರ ಹೊಟ್ಟೆಯೇ ಹಲವು ಕೋಣೆಗಳ ಕಣಜ. ಬೇವು, ಅರಳಿಯಂಥ ಮರಗಳ ಎಲೆ ಅಲ್ಲಿ ಸೂಕ್ಷ್ಮಜೀವಿಗಳ ಸಹಾಯದಿಂದ ಹುದುಗುತ್ತದೆ. ದನ ಮೇವು ಅರಗಿಸಿಕೊಳ್ಳುವ ಬಗೆಗೆ ಇದು ಹತ್ತಿರದ್ದು. ಒಂದೇ ಮಾಳಿಗೆಯ ಮೇಲೆ ಕುಳಿತರೂ ಇವೆರಡರ ಅಡುಗೆಮನೆ ಬೇರೆ. ವರ್ಣತಂತುಗಳ ಎಣಿಕೆಯೂ ಬೇರೆ: ಮಂಗಕ್ಕೆ 42, ಮುಸುವಕ್ಕೆ 44.

ಮುಸುವಗಳಲ್ಲಿಯೂ ಒಳಪಂಗಡಗಳಿವೆ. ಭಾರತದ ಎಲ್ಲ ಬೂದು ಮುಸುವಗಳೂ ಒಂದೇ ಪ್ರಭೇದ ಎಂದು ಬಹುಕಾಲ ನಂಬಲಾಗಿತ್ತು. ಆದರೆ ನಡೆಯುವಾಗ ಉತ್ತರದವು ಬಾಲವನ್ನು ಬೆನ್ನಿನ ಮೇಲೆ ತಲೆಯ ಕಡೆಗೆ ಬಾಗಿಸುತ್ತವೆ, ದಕ್ಷಿಣದವು ಹಿಂದಕ್ಕೆ ಬಾಗಿಸುತ್ತವೆ ಎಂಬುದನ್ನು ಪ್ರಾಣಿಶಾಸ್ತ್ರಜ್ಞರು ಗಮನಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರವೀಣ ಕಾರಂತ ಮತ್ತು ಅವರ ಸಂಗಡಿಗರು ಮೈಬಣ್ಣ, ಬಾಲದ ಭಂಗಿಗಳ ಜೊತೆ ವಂಶವಾಹಿಗಳನ್ನೂ ಪರಿಶೀಲಿಸಿ, ದಕ್ಷಿಣ ಭಾರತದ ಭೂಭಾಗದಲ್ಲಿಯೇ ಒಂದಕ್ಕಿಂತ ಹೆಚ್ಚು ಪ್ರಭೇದಗಳಿವೆ ಎಂಬ ವರ್ಗೀಕರಣಕ್ಕೆ ಬೆಂಬಲ ಒದಗಿಸಿದರು. ಉತ್ತರದ ಮತ್ತು ದಕ್ಷಿಣದ ಬಗೆಗಳು ಸಂಧಿಸುವ ಗಡಿಯನ್ನು ತಜ್ಞರು ತಪತಿ, ಗೋದಾವರಿ, ಕೃಷ್ಣಾ ನದಿಗಳ ಆಸುಪಾಸಿನಲ್ಲಿ ಗುರುತಿಸುತ್ತಾರೆ. ಭೀಮೆ ಮತ್ತು ಕೃಷ್ಣೆಯರ ನಡುವೆ ಇರುವ ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಮುಸುವದ ಬಾಲ ಎತ್ತ ಬಾಗಿದೆ ಎಂದು ನೋಡುವುದು ಬರಿಯ ಕುತೂಹಲದ ಸಂಗತಿಯಲ್ಲ.

ಸಿಂಗಳೀಕದ ನೆಂಟಸ್ತಿಕೆ

ನೆರೆಹೊರೆಯವರೆಲ್ಲ ನೆಂಟರಲ್ಲ ಎಂಬುದಕ್ಕೆ ಪಶ್ಚಿಮ ಘಟ್ಟದ ಸಿಂಗಳೀಕ ಇನ್ನೊಂದು ನಿದರ್ಶನ. 2011ರಲ್ಲಿ ಉತ್ತರ ಕನ್ನಡದಲ್ಲಿ ಅದರ ರಕ್ಷಣೆಗೆಂದೇ ಅಘನಾಶಿನಿ ಸಂರಕ್ಷಿತ ಪ್ರದೇಶವನ್ನು ಘೋಷಿಸಲಾಯಿತು. ಸಿಂಗಳೀಕವೂ ನಾಡಿನ ಮಂಗವೂ ಒಂದೇ ಜಾತಿಗೆ ಸೇರಿದವು. ಆದರೂ ಸಿಂಗಳೀಕದ ಹತ್ತಿರದ ಬಳಗ ಇರುವುದು ಈಶಾನ್ಯ ಭಾರತ ಮತ್ತು ಆಗ್ನೇಯ ಏಷ್ಯದಲ್ಲಿ, ಹಂದಿಬಾಲದ ಮಂಗಗಳ ಗುಂಪಿನಲ್ಲಿ. ನಾಡಿನ ಮಂಗದ ಬಳಗ ಶ್ರೀಲಂಕಾದಲ್ಲಿದೆ, ಹಿಮಾಲಯದಲ್ಲಿಯೂ ಇದೆ. 2005ರಲ್ಲಿ ಬೆಂಗಳೂರಿನ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು ಅರುಣಾಚಲ ಪ್ರದೇಶದಲ್ಲಿ ಒಂದು ಹೊಸ ಮಂಗ ಪ್ರಭೇದವನ್ನು ವಿವರಿಸಿದರು. ಅದು ಸೇರಿದ್ದು ನಮ್ಮ ಟೊಪ್ಪಿಗೆ ಮಂಗದ ಗುಂಪಿಗೇ. ಊರು ಬಿಟ್ಟುಹೋದ ತಮ್ಮನ ಮನೆ ದೂರದಲ್ಲಿ ಪತ್ತೆಯಾದಂತೆ ಇದು.

ಕಲ್ಲಿನಲ್ಲಿ ಉಳಿದ ದಾಖಲೆ

ಇಂಡಿ, ಸಿಂದಗಿ, ಬಾಗೇವಾಡಿಗಳ ಎರೆ ಭೂಮಿಯ ಅಡಿಯಲ್ಲಿರುವ ಕಪ್ಪು ಕಲ್ಲು ದಖ್ಖನ್ ಜ್ವಾಲಾಮುಖಿಗಳು ಉಗುಳಿದ ಲಾವಾರಸದ್ದು. ಅದು ಹರಿದದ್ದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ. ಡೈನೋಸಾರ್‌ಗಳು ಅಳಿದದ್ದೂ ಅದೇ ಕಾಲದಲ್ಲಿ. ಅವು ತೆರವು ಮಾಡಿದ ಜಾಗದಲ್ಲಿ ಬೆಳೆದ ಸಸ್ತನಿಗಳಲ್ಲಿ ಪ್ರೈಮೇಟ್‌ಗಳೂ ಸೇರಿದ್ದವು. ಅಂದರೆ ಜೋಳ ಬೆಳೆಯುವ ಈ ನೆಲವೂ, ಅದನ್ನು ಬಿತ್ತುವ ಮನುಷ್ಯನ ವಂಶವೂ ಹೆಚ್ಚು ಕಡಿಮೆ ಒಂದೇ ವಯಸ್ಸಿನವು.

ಭಾರತದಲ್ಲಿ ದೊರೆತ ಅತಿ ಹಳೆಯ ಪ್ರೈಮೇಟ್ ಪಳೆಯುಳಿಕೆಗಳು ಗುಜರಾತಿನ ಸೂರತ್ ಬಳಿಯ ವಸ್ತಾನ್ ಲಿಗ್ನೈಟ್ ಗಣಿಯವು. ಅವುಗಳ ವಯಸ್ಸು ಸುಮಾರು 5 ಕೋಟಿ 40 ಲಕ್ಷ ವರ್ಷ. ಅದರ ನಂತರದ ದೊಡ್ಡ ಭಂಡಾರ ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳಲ್ಲಿ ಇದೆ.

ಅಲ್ಲಿ ನಡೆದದ್ದೊಂದು ಪಾಠದಂಥ ಪ್ರಸಂಗ. 1932ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಿ. ಎಡ್ವರ್ಡ್ ಲೂಯಿಸ್ ಇಂದಿನ ಹಿಮಾಚಲ ಪ್ರದೇಶದ ಹರಿತಲ್ಯಾಂಗರ್ ಬಳಿ ದವಡೆಯ ತುಣುಕೊಂದನ್ನು ಪಡೆದು, 1934ರಲ್ಲಿ ಅದಕ್ಕೆ 'ರಾಮಪಿಥೆಕಸ್' ಎಂದು ಹೆಸರಿಟ್ಟ. 1960ರ ದಶಕದಲ್ಲಿ ಎಲ್ವಿನ್ ಸೈಮನ್ಸ್ ಮತ್ತು ಡೇವಿಡ್ ಪಿಲ್‌ಬೀಮ್ ಅದೇ ಮನುಷ್ಯನ ನೇರ ಪೂರ್ವಜ ಎಂದು ವಾದಿಸಿದರು. ಪಠ್ಯಪುಸ್ತಕಗಳಲ್ಲಿಯೂ ಅದು ಸ್ಥಾನ ಪಡೆಯಿತು. ಅಷ್ಟರಲ್ಲಿ, 1967ರಲ್ಲಿ, ಕ್ಯಾಲಿಫೋರ್ನಿಯದ ವಿನ್ಸೆಂಟ್ ಸಾರಿಚ್ ಮತ್ತು ಅಲನ್ ವಿಲ್ಸನ್ ರಕ್ತದ ಪ್ರೋಟೀನುಗಳನ್ನು ಹೋಲಿಸಿ, ಮನುಷ್ಯ ಮತ್ತು ಚಿಂಪಾಂಜಿ ಬೇರೆಯಾಗಿ ಕೇವಲ 50 ಲಕ್ಷ ವರ್ಷಗಳಾಗಿವೆ ಎಂದರು. ಹಾಗಾದರೆ ಕೋಟಿ ವರ್ಷಗಳಿಗೂ ಹಳೆಯದಾದ ರಾಮಪಿಥೆಕಸ್ ಮನುಷ್ಯ ಕುಲಕ್ಕೆ ಸೇರುವುದು ಹೇಗೆ? ಎಲುಬಿನವರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಕೊನೆಗೆ ಪಾಕಿಸ್ತಾನದ ಪೊಟ್ವಾರ್‌ನಲ್ಲಿ ದೊರೆತ ಮುಖದ ಎಲುಬುಗಳನ್ನು 1982ರಲ್ಲಿ ವಿವರಿಸಿದ ಪಿಲ್‌ಬೀಮ್ ಸ್ವತಃ, ಈ ಪ್ರಾಣಿಯ ಒಲವು ಒರಾಂಗುಟಾನ್ ಕಡೆಗಿದೆ ಎಂದು ತಮ್ಮ ಹಳೆಯ ಮಾತನ್ನು ಹಿಂತೆಗೆದುಕೊಂಡರು. ರಾಮಪಿಥೆಕಸ್ ಎಂಬ ಹೆಸರು 'ಶಿವಪಿಥೆಕಸ್'ನಲ್ಲಿ ಲೀನವಾಯಿತು. ತಾನೇ ಬರೆದ ವಂಶಾವಳಿಯನ್ನು ಸಾಕ್ಷ್ಯ ಬಂದಾಗ ತಾನೇ ತಿದ್ದಿಕೊಳ್ಳುವುದು ವಿಜ್ಞಾನದ ದೌರ್ಬಲ್ಯವಲ್ಲ, ಶಕ್ತಿ.

ಶೋಧ ಇಂದಿಗೂ ನಿಂತಿಲ್ಲ. 2015ರಲ್ಲಿ ಜಮ್ಮುವಿನ ರಾಮನಗರದಲ್ಲಿ ದೊರೆತ ಒಂದೇ ಒಂದು ದವಡೆ ಹಲ್ಲಿಗೆ 2020ರಲ್ಲಿ 'ಕಪಿ ರಾಮನಗರೆನ್ಸಿಸ್' ಎಂದು ನಾಮಕರಣವಾಯಿತು. ಕನ್ನಡಿಗರಿಗೆ ಹೆಸರಿನ ಎರಡೂ ಭಾಗಗಳು ಪರಿಚಿತವೇ, ಊರು ಮಾತ್ರ ನಮ್ಮ ರಾಮನಗರ ಅಲ್ಲ. ಅದರ ವಯಸ್ಸು ಸುಮಾರು 1 ಕೋಟಿ 30 ಲಕ್ಷ ವರ್ಷ. ಅದು ಗಿಬ್ಬನ್ ಕುಲದ ಹಿರಿಯ ಎಂಬುದು ಶೋಧಿಸಿದವರ ವಾದ. ಅದನ್ನು ಒಪ್ಪದ ತಜ್ಞರೂ ಇದ್ದಾರೆ.

ಬಾಲ ಕಳಚಿದ ಬಗೆ

ಮಂಗಗಳಿಂದ ಬೇರೆಯಾದ ಕವಲಿನಲ್ಲಿ ಗಿಬ್ಬನ್, ಒರಾಂಗುಟಾನ್, ಗೊರಿಲ್ಲಾ, ಚಿಂಪಾಂಜಿ ಮತ್ತು ಮನುಷ್ಯ ಇದ್ದಾರೆ. ಇವರಲ್ಲಿ ಯಾರಿಗೂ ಬಾಲವಿಲ್ಲ. ಬಾಲ ಹೋದದ್ದು ಹೇಗೆ ಎಂಬುದಕ್ಕೆ 2024ರಲ್ಲಿ ಅಮೆರಿಕದ ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ ಉತ್ತರವೊಂದನ್ನು ಪ್ರಕಟಿಸಿದರು. ಬಾಲದ ಬೆಳವಣಿಗೆಗೆ ಕಾರಣವಾದ ಒಂದು ವಂಶವಾಹಿಯೊಳಗೆ, ಸುಮಾರು ಎರಡೂವರೆ ಕೋಟಿ ವರ್ಷಗಳ ಹಿಂದೆ, ಚಿಕ್ಕ ತುಣುಕೊಂದು ಬಂದು ಸೇರಿಕೊಂಡಿತು. ಇಲಿಗಳಲ್ಲಿ ಆ ವಂಶವಾಹಿಯನ್ನು ಅದರ ಪರಿಣಾಮಕ್ಕೆ ತಕ್ಕಂತೆ ಮಾರ್ಪಡಿಸಿದಾಗ ಬಾಲ ಮೊಟಕಾದ ಅಥವಾ ಬಾಲವೇ ಇಲ್ಲದ ಮರಿಗಳು ಹುಟ್ಟಿದವು.

ಈ ಕವಲಿನಲ್ಲಿ ಮನುಷ್ಯನಿಗೆ ಅತಿ ಹತ್ತಿರದ್ದು ಚಿಂಪಾಂಜಿ. ಇಬ್ಬರೂ ಬೇರೆಯಾಗಿ ಸುಮಾರು 60ರಿಂದ 70 ಲಕ್ಷ ವರ್ಷ. 2005ರಲ್ಲಿ ಚಿಂಪಾಂಜಿಯ ಜೀನೋಮ್ ಓದಿ ಮುಗಿಸಿದಾಗ, ಹೋಲಿಸಬಹುದಾದ ಭಾಗಗಳಲ್ಲಿ ಇಬ್ಬರ ವಂಶಲಿಪಿಯ ಅಕ್ಷರಗಳು ಶೇಕಡ 99ರ ಹತ್ತಿರ ಒಂದೇ ಎಂದು ತಿಳಿಯಿತು. 2007ರಲ್ಲಿ ಉತ್ತರ ಭಾರತದ ರೀಸಸ್ ಮಂಗದ ಜೀನೋಮ್ ಬಂದಾಗ ಆ ಪ್ರಮಾಣ ಸುಮಾರು ಶೇಕಡ 93. ರಕ್ತದ ಗುಂಪು ಬರೆಯುವಾಗ ಹಾಕುವ 'ಆರ್‌ಎಚ್' ಎಂಬ ಎರಡಕ್ಷರ ಬಂದಿರುವುದೂ ಈ ರೀಸಸ್ ಮಂಗದ ಹೆಸರಿನಿಂದಲೇ.

ಮನುಷ್ಯನ ಜಾಡು ಈ ನಾಡಿನಲ್ಲಿಯೂ ಹಳೆಯದು. ವಿಜಯಪುರ ಜಿಲ್ಲೆಯ ಪೂರ್ವಕ್ಕೆ, ಇಂದಿನ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ ಕೆ. ಪದ್ದಯ್ಯ ದಶಕಗಟ್ಟಲೆ ಉತ್ಖನನ ನಡೆಸಿದರು. ಅಲ್ಲಿಯ ಇಸಾಂಪುರದಲ್ಲಿ ದೊರೆತ ಕಲ್ಲಿನ ಆಯುಧಗಳ ನೆಲೆ ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದೆಂದು ಅಂದಾಜು ಮಾಡಲಾಗಿದೆ. ಅವನ್ನು ಕೆತ್ತಿದ ಕೈಗಳು ಇಂದಿನ ಮನುಷ್ಯ ಪ್ರಭೇದದವಲ್ಲ. ನಮ್ಮ ಪ್ರಭೇದದ ವಯಸ್ಸು ಮೂರು ಲಕ್ಷ ವರ್ಷಗಳ ಆಸುಪಾಸು.

ಹೆಸರಿನಿಂದ ಏನಾಗಬೇಕು?

ಮಂಗ ಯಾವುದಾದರೇನು, ಬೆಳೆ ತಿನ್ನುವುದೊಂದು ಗೊತ್ತು ಎನ್ನುವ ರೈತನ ಮಾತಿನಲ್ಲಿ ಹುರುಳಿಲ್ಲದಿಲ್ಲ. ಬಿತ್ತಿದ ಶೇಂಗಾ ಕೆದರಿದಾಗ, ದಾಳಿಂಬೆ ಕಚ್ಚಿ ಎಸೆದಾಗ, ಮಾಳಿಗೆಯ ಮೇಲೆ ಒಣಗಲು ಹಾಕಿದ ಸಂಡಿಗೆ ಹಾರಿಸಿದಾಗ ದಾಯಾದಿ ಎಂಬ ಮಾತು ರುಚಿಸುವುದಿಲ್ಲ. ಕಾಟ ಹೆಚ್ಚಾದಾಗ ಹಿಡಿಯುವವರನ್ನು ಕರೆಸಿ, ದೂರ ಒಯ್ದು ಬಿಟ್ಟುಬಿಡುವುದು ಎಲ್ಲೆಡೆ ರೂಢಿಯಾಗಿದೆ.

ವರ್ಗೀಕರಣದ ಅಗತ್ಯ ಬೀಳುವುದು ಇಲ್ಲಿಯೇ. ಟೊಪ್ಪಿಗೆ ಮಂಗ ದಕ್ಷಿಣ ಭಾರತ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಉತ್ತರದ ರೀಸಸ್ ಮಂಗ ಗೋದಾವರಿ, ತಪತಿ ನದಿಗಳ ಆಚೆಗಿನದು ಎಂದು ಹಳೆಯ ಗ್ರಂಥಗಳು ಹೇಳುತ್ತಿದ್ದವು. ಅದೀಗ ದಕ್ಷಿಣಕ್ಕೆ ಸರಿಯುತ್ತಿದೆ, ಟೊಪ್ಪಿಗೆ ಮಂಗ ಹಿಮ್ಮೆಟ್ಟುತ್ತಿದೆ ಎಂದು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಸಂಶೋಧಕರು 2011ರಲ್ಲಿ ಎಚ್ಚರಿಸಿದರು. ಎಲ್ಲಿಯೋ ಹಿಡಿದದ್ದನ್ನು ಇನ್ನೆಲ್ಲಿಯೋ ಬಿಡುವುದರಿಂದ ಈ ಬೆರಕೆ ಇನ್ನಷ್ಟು ಬೇಗ ಆಗುತ್ತದೆ. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಸಂಗಡಿಗರು ನಡೆಸಿದ ಗಣತಿಗಳು ಇನ್ನೊಂದು ಕಾರಣವನ್ನು ತೋರಿಸಿದವು: ಹೆದ್ದಾರಿ ಅಗಲಿಸಲು ಆಲದ ಸಾಲುಮರಗಳನ್ನು ಕಡಿದಂತೆ ಮಂಗಗಳ ಸಂಖ್ಯೆ ಕುಸಿಯಿತು. ಒಂದು ಕಾಲಕ್ಕೆ 'ಚಿಂತೆಯಿಲ್ಲ' ಎಂಬ ಪಟ್ಟಿಯಲ್ಲಿದ್ದ ಈ ಮಂಗವನ್ನು ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಈಗ 'ಅಪಾಯಕ್ಕೆ ಈಡಾಗಬಲ್ಲ' ಪ್ರಭೇದಗಳ ಸಾಲಿಗೆ ಸೇರಿಸಿದೆ. ಊರಿನಲ್ಲಿ ದಿನವೂ ಕಾಣುವ ಪ್ರಾಣಿ ಕಡಿಮೆಯಾಗುತ್ತಿದೆ ಎಂದರೆ ನಂಬುವುದು ಕಷ್ಟ. ಗುಬ್ಬಿಯ ವಿಷಯದಲ್ಲಿಯೂ ಮೊದಲು ಯಾರೂ ನಂಬಿರಲಿಲ್ಲ.

ಗುರುತಿಸುವುದು ಕಷ್ಟವೇನಲ್ಲ. ಟೊಪ್ಪಿಗೆ ಮಂಗಕ್ಕೆ ತಲೆಯ ಮೇಲೆ ಕೂದಲ ಸುಳಿ, ದೇಹಕ್ಕಿಂತ ಉದ್ದವಾದ ಬಾಲ. ರೀಸಸ್‌ಗೆ ಸುಳಿ ಇಲ್ಲ. ಬಾಲ ಮೊಟಕು, ಸೊಂಟದ ಕೆಳಗೆ ಕೆಂಗಂದು ಬಣ್ಣ.

ನೆಂಟಸ್ತಿಕೆಯ ಇನ್ನೊಂದು ಮುಖವನ್ನು ಮಲೆನಾಡು ಕಂಡಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸುವಗಳು ಸಾಲಾಗಿ ಸತ್ತು ಬಿದ್ದವು. ಬೆನ್ನಿಗೇ ಜನರೂ ಜ್ವರದಿಂದ ಮಲಗಿದರು. ಉಣ್ಣೆಗಳಿಂದ ಹರಡುವ ಅದೇ ವೈರಸ್ಸಿಗೆ ಮೂವರ ಮೈಯೂ ಒಗ್ಗಿತ್ತು. ಅಂದಿನಿಂದ ಕಾಡಿನಲ್ಲಿ ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಬೇಕೆಂಬ ತಿಳಿವಳಿಕೆ ಅಲ್ಲಿನವರಿಗೆ ಬಂದಿದೆ. ಮಂಗದ ಸಾವು ಮನುಷ್ಯನಿಗೆ ಮುನ್ಸೂಚನೆ. ಇದು ವಂಶವೃಕ್ಷದಲ್ಲಿ ಹತ್ತಿರದ ಕವಲಿನವರಾದ್ದರ ಫಲ.

ಕೃಷ್ಣಾ ತೀರದ ಯಲಗೂರ ಹನುಮಪ್ಪನಿಂದ ಹಿಡಿದು ಪ್ರತಿ ಊರ ಅಗಸಿಯ ಹನುಮಪ್ಪನವರೆಗೆ ಈ ಭಾಗದ ಜನ ವಾನರನಿಗೆ ಕೈಮುಗಿಯುತ್ತ ಬಂದಿದ್ದಾರೆ. ಹೊಲಕ್ಕೆ ಬಂದರೆ ಕಲ್ಲು ಬೀರುತ್ತಲೂ ಬಂದಿದ್ದಾರೆ. ದಾಯಾದಿಗಳ ನಡುವೆ ಜಗಳ ಹೊಸದಲ್ಲ. ಆದರೆ ಗಡಿಕಲ್ಲು ಎಲ್ಲಿದೆ, ಯಾರು ಯಾವ ಕವಲಿನವರು ಎಂದು ತಿಳಿಯದೆ ಪಂಚಾಯಿತಿ ನಡೆಯುವುದಿಲ್ಲ. ಹೆಳವರು ಹೊತ್ತಿಗೆ ಬಿಚ್ಚುವುದು ಅದಕ್ಕಾಗಿ, ಜೀವವಿಜ್ಞಾನಿಗಳು ಹಲ್ಲು ಎಣಿಸುವುದೂ ಅದಕ್ಕಾಗಿಯೇ.